ಸುಲ್ತಾನನ ಮುಂಜಾವು

ಒಬ್ಬ ಅರಸ ನಿದ್ದೆಯಿಂದ ಎದ್ದ ಕೂಡಲೇ, ರಾತ್ರಿ ಕಂಡ ಕನಸನ್ನು ತನ್ನ ಕೈಯಾರೆ ಬರೆದಿಡುತ್ತಿದ್ದ. ಅವನ ದರಬಾರಿನಲ್ಲಿ ಮುನ್ಷಿಗಳಿಗೇನೂ ಬರವಿರಲಿಲ್ಲ. ಹುಕುಂ, ಪತ್ರ, ಲೆಕ್ಕ, ಎಲ್ಲವನ್ನೂ ಬರೆಯುವವರಿದ್ದರು. ಈ ಒಂದು ಪುಸ್ತಕವನ್ನು ಮಾತ್ರ ಅವನು ಯಾರ ಕೈಗೂ ಕೊಡಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಅರಮನೆಯ ಬರವಣಿಗೆಯ ಮೇಜಿನಲ್ಲಿ ಇತರ ಗುಟ್ಟಿನ ಕಾಗದಗಳ ಜೊತೆ ಅದು ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ನ ಕೈಗೆ ಸಿಕ್ಕಿತು. ಸುಲ್ತಾನನಿಗೆ ಅತಿ ಹತ್ತಿರದವನಾಗಿದ್ದ ಮುನ್ಷಿ ಹಬೀಬುಲ್ಲಾ ಆಗ ಅಲ್ಲಿದ್ದ. ಅಂಥದೊಂದು ಪುಸ್ತಕ ಇದೆಯೆಂದು ಅವನಿಗೆ ಗೊತ್ತಿತ್ತು, ಆದರೆ ಕಣ್ಣಾರೆ ನೋಡಿರಲಿಲ್ಲ. ಓದುತ್ತಲೋ ಬರೆಯುತ್ತಲೋ ಇದ್ದಾಗ ಯಾರಾದರೂ ಹತ್ತಿರ ಬಂದರೆ ಟಿಪ್ಪು ಅದನ್ನು ಮುಚ್ಚಿಡುತ್ತಿದ್ದನಂತೆ.

ಫಾರ್ಸಿಯಲ್ಲಿ ಬರೆದ 37 ಕನಸುಗಳು ಅದರಲ್ಲಿವೆ. ಮೊದಲನೆಯದು 1785ರ ಸುಮಾರಿನದು, ಕೊನೆಯದು ಅವನು ಸಾಯುವುದಕ್ಕೆ ಸ್ವಲ್ಪ ಮುಂಚಿನದು. ಗಿರೀಶ ಕಾರ್ನಾಡರು ಈ ಕನಸುಗಳನ್ನು ಹಿಡಿದು ನಾಟಕ ಬರೆದದ್ದರಿಂದ ಕನ್ನಡದ ಓದುಗರಿಗೆ ಇದು ತೀರ ಹೊಸ ಸಂಗತಿಯಲ್ಲ. ಆದರೂ ಟಿಪ್ಪು ಎಂದೊಡನೆ ನಮಗೆ ನೆನಪಾಗುವುದು ಹುಲಿಯ ಮಾತು. ಕುರಿಯಾಗಿ ಬಹುಕಾಲ ಬಾಳುವುದಕ್ಕಿಂತ ಹುಲಿಯಾಗಿ ಒಂದೆರಡು ದಿನ ಬಾಳುವುದು ಮೇಲೆಂದು ಅವನು ಹೇಳಿದನಂತೆ. ಕ್ಯಾಲೆಂಡರಿನಿಂದ ಹಿಡಿದು ಮೊಬೈಲಿನ ಸುಪ್ರಭಾತದ ಸಂದೇಶದವರೆಗೆ ಎಲ್ಲ ಕಡೆ ಅದೇ. ನಾಯಕತ್ವ, ಛಲ, ಧೈರ್ಯ, ನಂಬಿಕೆ ಎಂದು ಇಂಥ ಮಾತುಗಳನ್ನು ಪೋಣಿಸಿ ಹಂಚುವವರು ಬೇಕಾದಷ್ಟಿದ್ದಾರೆ. ನನಗೆ ಆ ಪೋಣಿಕೆಯಲ್ಲಿ ಆಸಕ್ತಿಯಿಲ್ಲ. ನಾಲ್ಕು ಜನರ ಮುಂದೆ ಆಡುವಾಗ ಅರಸ ತನ್ನ ಮಾತನ್ನು ತೂಗಿಯೇ ಆಡುತ್ತಾನೆ. ಯಾರೂ ನೋಡಬಾರದೆಂದು ಬರೆದದ್ದರಲ್ಲಿ ಆ ತೂಕದ ಗೋಜು ಇರುವುದಿಲ್ಲ. ಬೆಳಗಿನ ಹೊತ್ತು ಒಬ್ಬ ಸೇನಾನಿಯ ಮನಸ್ಸನ್ನು ಕುರಿತು ಯೋಚಿಸಬೇಕೆಂದರೆ ಈ ಗುಟ್ಟಿನ ಪುಸ್ತಕಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ.

ಇದನ್ನು ಪೋತ್ತನೂರಿನಲ್ಲಿ ಕುಳಿತು ಬರೆಯುತ್ತಿರುವುದಕ್ಕೂ ಕಾರಣವಿದೆ. ಕೊಯಮತ್ತೂರಿನ ದಕ್ಷಿಣದ ಅಂಚಿನಲ್ಲಿರುವ ಈ ಊರು ಹೊರಗಿನವರಿಗೆ ರೈಲ್ವೆ ಜಂಕ್ಷನ್ ಎಂದಷ್ಟೇ ಗೊತ್ತು. ಮದರಾಸಿನಿಂದ ಪಶ್ಚಿಮ ಕಡಲಿಗೆ ಹೋಗುವ ಹಳಿ 1862ರಲ್ಲಿ ಇಲ್ಲಿಂದಲೇ ಹಾದುಹೋಯಿತು. ಕೊಯಮತ್ತೂರು ನಗರಕ್ಕೆ ರೈಲು ಬಂದದ್ದು ಆಮೇಲೆ. ಹಳಿ ಹಾಕಿದವರು ಇಲ್ಲಿಗೆ ಬಂದದ್ದು ಪಾಲಕ್ಕಾಡಿನ ಕಣಿವೆಗಾಗಿ. ಘಟ್ಟಸಾಲು ಅಲ್ಲಿ ಬಾಗಿಲು ತೆರೆದುಕೊಂಡಿದೆ, ಮಳೆಗಾಲದ ಗಾಳಿ ಅಲ್ಲಿಂದಲೇ ನುಗ್ಗಿ ನಮ್ಮ ಊರಿನ ಮೇಲೆ ಬೀಸುತ್ತದೆ. ಹೈದರನ ಕುದುರೆಗಳೂ ಟಿಪ್ಪುವಿನ ಫಿರಂಗಿಗಳೂ ಮಲಬಾರಿಗೆ ಹೋದದ್ದು ಬಂದದ್ದು ಇದೇ ಬಾಗಿಲಿನಿಂದ. ಶ್ರೀರಂಗಪಟ್ಟಣಕ್ಕೆ ಈ ಕೊಂಗುನಾಡು ಅಂಗಳದಂತಿತ್ತು. ಗಜಲಹಟ್ಟಿ ಕಣಿವೆಯಲ್ಲಿ ಇಳಿದರೆ ಸತ್ಯಮಂಗಲ, ಅಲ್ಲಿಂದ ಬಯಲು, ಬಯಲಿನ ಕೊನೆಗೆ ಪಾಲಕ್ಕಾಡು. ಇಂದಿಗೂ ಇಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗರ, ಒಕ್ಕಲಿಗರ ಮನೆಗಳು ಬೇಕಾದಷ್ಟಿವೆ. ನಮ್ಮಂಥವರಿಗೆ ಮೈಸೂರಿನ ಸುಲ್ತಾನ ಪರನಾಡಿನವನಲ್ಲ, ಪೂರ್ತಿ ನಮ್ಮವನೂ ಅಲ್ಲ. ಅವನನ್ನು ಸ್ವಲ್ಪ ದೂರದಿಂದ ನೋಡಲು ಈ ನಡುವಿನ ಜಾಗ ಅನುಕೂಲ.

ಕನಸುಗಳಲ್ಲಿ ಒಂದು ಈ ಸೀಮೆಯದೇ. ಸತ್ಯಮಂಗಲಕ್ಕೆ ಟಿಪ್ಪು ಸಲಾಮಾಬಾದ್ ಎಂದು ಹೆಸರಿಟ್ಟಿದ್ದ, ಆ ಹೆಸರಿನಲ್ಲಿ ನಾಣ್ಯವನ್ನೂ ಅಚ್ಚು ಹಾಕಿಸಿದ್ದ. ತಿರುವಾಂಕೂರಿನ ಅರಸ ಕಡಲಿನ ಕಡೆಯಿಂದ ಘಟ್ಟದವರೆಗೆ ಕಟ್ಟಿಸಿದ್ದ ಕೋಟೆಸಾಲಿನ ಮೇಲೆ, ನೆಡುಂಕೋಟ್ಟೆಯ ಮೇಲೆ, ಬೀಳುವುದಕ್ಕೆ ಮೊದಲು ಅವನ ಡೇರೆ ಸಲಾಮಾಬಾದಿನಲ್ಲಿತ್ತು. ಸಂಜೆಯ ನಮಾಜು ಮುಗಿಸಿ, ಬೆಟ್ಟದಾಚೆಯ ಜನ ತನ್ನ ಧರ್ಮಕ್ಕೆ ಬರಲಿ ಎಂದು ಬೇಡಿಕೊಂಡು ಮಲಗಿದ. ಬೆಳಗಿನ ಜಾವ ಒಂದು ಕನಸು. ಕಾಡು ದಾಟಿ ದಂಡು ಬೀಡುಬಿಟ್ಟಿದೆ. ಬೀಡಿನ ಹತ್ತಿರ ಕರು ಸಮೇತ ಒಂದು ಹಸು. ನೋಡಲು ಪಟ್ಟೆಹುಲಿಯಂತಿದೆ, ಮುಖವೂ ಹಲ್ಲೂ ಹುಲಿಯವೇ. ಮುಂಗಾಲು ಮಾತ್ರ ಹಸುವಿನವು. ಹಿಂಗಾಲುಗಳೇ ಇಲ್ಲ. ಮುಂಗಾಲು ಸ್ವಲ್ಪ ಅಲುಗಾಡಿತು. ಅದನ್ನು ಚೆನ್ನಾಗಿ ನೋಡಿಕೊಂಡು ಬೀಡಿಗೆ ಮರಳಿದ ಸುಲ್ತಾನ, ಅದನ್ನು ಕಡಿಯಬೇಕೆಂದು ಜನರನ್ನು ಸಜ್ಜಾಗಿಸಿ, ಎರಡು ಬೂದು ಕುದುರೆಗಳಿಗೆ ಜೀನು ಹಾಕಲು ಹೇಳುವಷ್ಟರಲ್ಲಿ ಬೆಳಗಾಯಿತು.

ಎದ್ದವನೇ ಅರ್ಥವನ್ನೂ ಬರೆದ. ಬೆಟ್ಟದ ಕಡೆಯ ಕ್ರೈಸ್ತರು ನೋಡಲು ಹುಲಿ, ನಿಜದಲ್ಲಿ ಕರುವಿನ ಜೊತೆಗಿರುವ ಹಸು. ಮುಂಗಾಲು ಅಲುಗಾಡಿತೆಂದರೆ ಅವರು ಚೂರುಪಾರು ಎದುರಿಸುತ್ತಾರೆ. ಹಿಂಗಾಲು ಇಲ್ಲವೆಂದರೆ ಅವರ ನೆರವಿಗೆ ಯಾರೂ ಬರುವುದಿಲ್ಲ. ಜಾಗ ಸಲೀಸಾಗಿ ಕೈವಶವಾಗುತ್ತದೆ, ಅವರು ಹತರಾಗುತ್ತಾರೆ, ತನ್ನವರಿಗೆ ಕೂದಲೂ ಕೊಂಕುವುದಿಲ್ಲ.

ಕೊನೆಗೆ ಆದದ್ದು ಹೀಗೆ. 1789ರ ಡಿಸೆಂಬರ್ 29ರ ಬೆಳಗ್ಗೆ ಮೈಸೂರಿನ ಪಡೆ ಕೋಟೆಸಾಲಿನೊಳಗೆ ನುಗ್ಗಿತು. ಸ್ವಲ್ಪ ದೂರ ಗೆದ್ದುಕೊಂಡೇ ಹೋಯಿತು. ಅಷ್ಟರಲ್ಲಿ ಅಡಗಿದ್ದ ಒಂದು ಸಣ್ಣ ಗುಂಪು ಗುಂಡು ಹಾರಿಸಿದ್ದೇ ತಡ, ಮುಂದಿದ್ದವರು ಹಿಂದೆ ತಿರುಗಿದರು, ಹಿಂದಿದ್ದವರು ಗಾಬರಿಯಾಗಿ ಕಂದಕಕ್ಕೆ ಬಿದ್ದರು, ಬಿದ್ದವರ ಮೇಲೆ ಇನ್ನಷ್ಟು ಜನ ಬಿದ್ದರು. ಸುಲ್ತಾನನೇ ಜೀವ ಉಳಿಸಿಕೊಂಡದ್ದು ಕಷ್ಟದಲ್ಲಿ. ಅವನ ಪಲ್ಲಕ್ಕಿ, ಮುದ್ರೆ, ಕತ್ತಿ ತಿರುವಾಂಕೂರಿನವರ ಪಾಲಾದವು. ನೆರವಿಗೆ ಯಾರೂ ಬರುವುದಿಲ್ಲವೆಂದು ಬರೆದಿದ್ದನಲ್ಲ, ತಿರುವಾಂಕೂರು 1784ರ ಮಂಗಳೂರು ಕೌಲಿನಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಮಿತ್ರನೆಂದು ದಾಖಲಾಗಿತ್ತು. ಈ ದಾಳಿಯೇ ಮೂರನೆಯ ಮೈಸೂರು ಯುದ್ಧಕ್ಕೆ ನೆಪವಾಯಿತು. ಆ ಯುದ್ಧ ಮುಗಿದಾಗ ಅರ್ಧ ರಾಜ್ಯ ಹೋಗಿತ್ತು, ಇಬ್ಬರು ಮಕ್ಕಳು ಒತ್ತೆಯಾಗಿದ್ದರು. ದಾಳಿಯಾದ ಮರುವರ್ಷದ ಏಪ್ರಿಲ್‌ನಲ್ಲಿ ದೊಡ್ಡ ಫಿರಂಗಿಗಳನ್ನು ತರಿಸಿ ಅದೇ ಕೋಟೆಸಾಲನ್ನು ಅವನು ಒಡೆದದ್ದೂ ನಿಜ. ಆದರೆ ಆ ಹೊತ್ತಿಗೆ ಅದು ಒಂದು ಗೋಡೆಯ ಪ್ರಶ್ನೆಯಾಗಿ ಉಳಿದಿರಲಿಲ್ಲ.

ಕನಸು ಸುಳ್ಳಾಯಿತೆಂದು ನಗುವುದು ಸುಲಭ. ಕನಸು ಯಾರಿಗೆ ಬೀಳುವುದಿಲ್ಲ? ನನ್ನ ಮನಸ್ಸು ನಿಲ್ಲುವುದು ಅದರ ಅರ್ಥದ ಹತ್ತಿರ. ಹುಲಿಮುಖದ ಪ್ರಾಣಿಯನ್ನು ಕಂಡ ಮನಸ್ಸು ಒಳಗೆಲ್ಲೋ ಹೆದರಿದೆ. ಆ ಹೆದರಿಕೆಯೇ ಎಚ್ಚರಿಕೆಯಾಗಬಹುದಿತ್ತು. ಎಚ್ಚರವಾದ ಮನಸ್ಸು ಅದನ್ನು ಒಂದೊಂದೇ ಅಂಗವಾಗಿ ಬಿಡಿಸಿ, ಹುಲಿಯನ್ನು ಹಸು ಮಾಡಿ, ಹಸುವಿನ ಹಿಂಗಾಲನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಗೆಲುವು ಎಂದು ಷರಾ ಬರೆಯಿತು.

ಪುಸ್ತಕದ ಬೇರೆ ಪುಟಗಳೂ ಈ ಜಾಡಿನವೇ. ಚೀನಾದ ಅರಸ ಬಿಳಿ ಆನೆಯನ್ನು ಕಾಣಿಕೆ ಕಳಿಸಿದ್ದಾನೆ, ಇಂಥ ಆನೆ ಹಿಂದೆ ಸಿಕಂದರನಿಗೆ ಬಿಟ್ಟು ಯಾರಿಗೂ ಹೋಗಿಲ್ಲವೆಂದು ಬಂದವರು ಹೇಳುತ್ತಾರೆ. ಅರ್ಥ: ದೇವರು ತನ್ನನ್ನೂ ಸಿಕಂದರನಂತೆ ಮಾಡುತ್ತಾನೆ. ಇನ್ನೊಂದು ಕನಸು ಮರಾಠರ ಹರಿಪಂತ ಫಡಕೆಯ ದಂಡಿನ ಮೇಲೆ ರಾತ್ರಿ ಬೀಳುವುದಕ್ಕೆ ಮೊದಲಿನದು. ಚೆಲುವನೊಬ್ಬ ಬಂದು ಕುಳಿತಿದ್ದಾನೆ, ಪೇಟ ಬಿಚ್ಚಿದರೆ ಉದ್ದ ಕೂದಲು, ಅವನು ಹೆಂಗಸು. ಅರ್ಥ: ಎದುರಾಳಿಗಳು ಗಂಡುಡುಗೆ ತೊಟ್ಟ ಹೆಂಗಸರು. ಈ ಕನಸಿನ ಕೆಳಗೆ ಮುಂದಿನ ಸಂಗತಿಯನ್ನೂ ಅವನು ದಾಖಲಿಸಿದ್ದಾನೆ. ಕೆಲವು ನೂರು ಜನರೊಡನೆ ತಾನೇ ನುಗ್ಗಿದ, ಅವರು ಓಡಿದರು. ಅಂದರೆ ಈ ಕನಸು ನಿಜವಾಯಿತು. ಸುಲ್ತಾನನಿಗೆ ಹೆಚ್ಚು ಕೇಡು ಮಾಡಿದ್ದು ಸುಳ್ಳಾದ ಕನಸುಗಳಲ್ಲ, ಹೀಗೆ ನಿಜವಾದ ಒಂದೆರಡು ಎಂದು ನನಗೆ ತೋರುತ್ತದೆ. ಒಮ್ಮೆ ಫಲಿಸಿದ ಹಣ್ಣುಕಾಯಿ ಪ್ರಶ್ನೆಗೆ ಜನ ಜೀವಮಾನವಿಡೀ ಗುಡಿ ಸುತ್ತುವುದನ್ನು ನಾವು ಕಂಡಿಲ್ಲವೇ?

ಈಗ ಅಪ್ಪನ ಬೆಳಗನ್ನು ನೋಡಿ.

ಹೈದರಾಲಿಗೆ ಓದು ಬರಹ ಇರಲಿಲ್ಲ. ಹೆಸರಿನ ಮೊದಲ ಅಕ್ಷರವೊಂದನ್ನು ಕಲಿತು, ಅದನ್ನೂ ತಲೆಕೆಳಗಾಗಿ ಬರೆದು ಸಹಿ ಮಾಡುತ್ತಿದ್ದನಂತೆ. ಹಾಗಾಗಿ ಅವನ ಬೆಳಗೆಂದರೆ ಕಿವಿಯ ಕೆಲಸ. ಎದ್ದ ಕೂಡಲೇ ರಾತ್ರಿ ಪಹರೆಯ ಅಧಿಕಾರಿಗಳು ಬಂದು ವರದಿ ಒಪ್ಪಿಸಬೇಕು. ಕ್ಷೌರಿಕ ಕೂದಲು ಕೀಳುತ್ತಿದ್ದಂತೆ ಪತ್ರಗಳನ್ನು ಓದಿ ಹೇಳಬೇಕು, ಬೇಹಿನವರು ಕಂಡದ್ದನ್ನು ಉಸುರಬೇಕು. ಅವನು ಸಾಧುವೇನಲ್ಲ. ಅವನ ಚಾಟಿಗೆ ಹೆದರದ ಅಧಿಕಾರಿ ಇರಲಿಲ್ಲ, ಮಲಬಾರಿನಲ್ಲಿ ಅವನ ದಂಡು ಮಾಡಿದ್ದನ್ನು ಅಲ್ಲಿಯ ನಾಯರ್ ಮನೆತನಗಳು ಮರೆತಿಲ್ಲ. ಆದರೆ ದಿನದ ಮೊದಲ ಗಂಟೆಯಲ್ಲಿ ಅವನ ತಲೆಗೆ ಹೋಗುತ್ತಿದ್ದುದು ಬೇರೆಯವರು ಕಂಡದ್ದು. ಮಗ ದೊಡ್ಡ ಓದುಗ, ಸಾವಿರಾರು ಹೊತ್ತಗೆಗಳ ಒಡೆಯ, ದಿನವೆಲ್ಲ ದುಡಿಯುವ ಆಡಳಿತಗಾರ. ಅವನ ದಿನದ ಮೊದಲ ಪುಟ ಮಾತ್ರ ಅವನೊಳಗಿನದೇ.

ಹೈದರನ ಎರಡು ಮಾತುಗಳನ್ನು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ಎರಡೂ ಸೇನಾನಿಯ ಬಾಯಲ್ಲಿ ಬರುವಂಥವಲ್ಲ. ಎರಡನೆಯ ಮೈಸೂರು ಯುದ್ಧ ಜೋರಾಗಿ ನಡೆದಿದ್ದಾಗ, ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆಯನ್ನು ಅಳಿಸಿದ್ದ ಹೆಗ್ಗಳಿಕೆ ಇನ್ನೂ ಇರುವಾಗಲೇ, ಅವನು ದಿವಾನ ಪೂರ್ಣಯ್ಯನ ಹತ್ತಿರ ಮನಸ್ಸು ಬಿಚ್ಚಿದ. ತಾನು ದೊಡ್ಡ ತಪ್ಪು ಮಾಡಿದೆ, ಒಂದು ಲಕ್ಷ ವರಹ ಸುರಿದು ಒಂದು ಗುಟುಕು ಈಚಲ ಹೆಂಡ ಕೊಂಡೆ ಎಂದ. ಇಂಗ್ಲಿಷರ ಮೇಲೆ ತನಗೆ ಮುನಿಸಿತ್ತು, ಯುದ್ಧಕ್ಕೆ ಸಾಕಾಗುವಷ್ಟಲ್ಲ. ಎಷ್ಟು ಬೈಲಿಗಳನ್ನು ಸೋಲಿಸಿದರೂ ಅವರು ಮುಗಿಯುವುದಿಲ್ಲ, ನೆಲದ ಮೇಲಿನ ಅವರ ಬಲವನ್ನು ಹಾಳುಗೆಡವಬಹುದು, ಕಡಲನ್ನು ಬತ್ತಿಸುವುದು ತನ್ನಿಂದಾಗದು ಎಂದ. ಗೆದ್ದಿರುವಾಗ ಹೀಗೆ ಹೇಳಬಲ್ಲವನು ಅಪರೂಪ. ಅದನ್ನೂ ಗುಟ್ಟಿನ ಪುಸ್ತಕಕ್ಕಲ್ಲ, ಲೆಕ್ಕಪತ್ರ ನೋಡುವ ಮಂತ್ರಿಗೆ ಹೇಳಿದ್ದು.

ಇನ್ನೊಂದು, ಅವನ ನಿದ್ದೆಯದು. ಮಲಗಿದ್ದ ಹೈದರ್ ಬೆಚ್ಚಿಬೀಳುತ್ತಿದ್ದುದನ್ನು ಕಂಡ ಗುಲಾಮ್ ಅಲಿ ಎಂಬ ಆಪ್ತ, ಎದ್ದ ಮೇಲೆ ಅದನ್ನು ಕೇಳಿಯೇಬಿಟ್ಟ. ಹೈದರ್ ಕೊಟ್ಟ ಉತ್ತರದ ತಾತ್ಪರ್ಯವಿಷ್ಟು: ತನ್ನ ರಾಜ್ಯಕ್ಕಿಂತ ಜೋಗಿಯ ಬಾಳೇ ಮೇಲು, ಎಚ್ಚರದಲ್ಲಿ ಅವನ ಸುತ್ತ ಪಿತೂರಿಗಾರರಿಲ್ಲ, ನಿದ್ದೆಯಲ್ಲಿ ಅವನ ಕನಸಿಗೆ ಕೊಲೆಗಾರರು ಬರುವುದಿಲ್ಲ. ಒಡೆಯರ ಸಿಂಹಾಸನವನ್ನು ಪಕ್ಕಕ್ಕೆ ಸರಿಸಿ ಅಧಿಕಾರ ಹಿಡಿದವನಿಗೆ ಪಿತೂರಿ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪನ ಕನಸು ಹೆದರಿಕೆಯದು, ಅವನು ಅದನ್ನು ಹೆದರಿಕೆಯೆಂದೇ ಒಪ್ಪಿಕೊಂಡ. ಮಗನ ಕನಸಿನಲ್ಲೂ ಹೆದರಿಕೆ ಇತ್ತು, ಬರೆಯುವ ಹೊತ್ತಿಗೆ ಅದು ವಿಜಯವಾಗಿ ಬದಲಾಗುತ್ತಿತ್ತು. ಇಬ್ಬರ ನಡುವಿನ ಅಂತರವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಇನ್ನೊಂದು ಸಂಗತಿ ನನಗೆ ಸಿಕ್ಕಿಲ್ಲ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ದಂಡಿನ ಬೀಡಿನಲ್ಲಿ ಹೈದರ್ ಬೆನ್ನುಹುಣ್ಣಿನಿಂದ ಸತ್ತ. ಟಿಪ್ಪು ಆಗ ಪೊನ್ನಾನಿಯ ಕಡೆ ಇಂಗ್ಲಿಷರನ್ನು ಮುತ್ತಿದ್ದ. ಪೂರ್ಣಯ್ಯ, ಕೃಷ್ಣರಾವ್ ಸಾವಿನ ಸುದ್ದಿಯನ್ನು ಬಿಗಿಯಾಗಿ ಹಿಡಿದಿಟ್ಟರು. ಹೆಣವನ್ನು ಪೆಟ್ಟಿಗೆಯಲ್ಲಿಟ್ಟು, ಬೆಲೆಬಾಳುವ ಸಾಮಾನು ಸಾಗಿಸುವ ನೆಪದಲ್ಲಿ ಕೋಲಾರಕ್ಕೆ ಕಳಿಸಿದರು. ಬೀಡಿನಲ್ಲಿ ಎಂದಿನಂತೆ ದರಬಾರು, ಎಂದಿನಂತೆ ಸಂಬಳ. ಸುದ್ದಿ ಮುಟ್ಟಿದ ಟಿಪ್ಪು ಪಾಲಕ್ಕಾಡಿನ ಕಣಿವೆ ಹಿಡಿದು, ನಮ್ಮ ಈ ಬಯಲನ್ನು ದಾಟಿ, ಹೊಸ ವರ್ಷದ ಮೊದಲ ದಿನಗಳಲ್ಲಿ ಬೀಡು ಸೇರಿದ. ಕತ್ತಿ ಎತ್ತದೆ ಸಿಕ್ಕ ರಾಜ್ಯ ಅದು. ಅದನ್ನು ಉಳಿಸಿಕೊಟ್ಟವರು ಬೇರೆ ಧರ್ಮದ ಇಬ್ಬರು ಅಧಿಕಾರಿಗಳು, ಹೈದರ್ ಸತ್ತ ಮೇಲೂ ಅವರಲ್ಲಿ ಉಳಿದಿದ್ದ ವಿಶ್ವಾಸ. ನಾಯಕತ್ವದ ಮಾತು ಬಂದಾಗಲೆಲ್ಲ ರಣರಂಗವನ್ನು ನೆನೆಯುವ ನಾವು ಈ ಇಪ್ಪತ್ತೈದು ಇಪ್ಪತ್ತಾರು ದಿನಗಳನ್ನೂ ನೆನೆಯಬೇಕು.

ಧೈರ್ಯದ ವಿಷಯಕ್ಕೆ ಬಂದರೆ ಮಗನನ್ನು ಕಡಿಮೆಯೆನ್ನಲು ಬಾಯಿ ಬರುವುದಿಲ್ಲ. 1790ರ ಸೆಪ್ಟೆಂಬರಿನಲ್ಲಿ, ಇಂಗ್ಲಿಷರು ಕೊಯಮತ್ತೂರು ಹಿಡಿದು ನಿಶ್ಚಿಂತರಾಗಿದ್ದಾಗ, ಅವನು ಇಡೀ ದಂಡನ್ನು ಗಜಲಹಟ್ಟಿಯ ಕಡಿದಾದ ದಾರಿಯಲ್ಲಿ ಇಳಿಸಿ ಸತ್ಯಮಂಗಲದಲ್ಲಿ ಕರ್ನಲ್ ಫ್ಲಾಯ್ಡ್‌ನ ಮೇಲೆ ಬಿದ್ದ. ಫ್ಲಾಯ್ಡ್ ಫಿರಂಗಿಗಳನ್ನು ಅಲ್ಲೇ ಬಿಟ್ಟು ಹಿಂದೆಗೆದ. ಬೆನ್ನಟ್ಟಿದ ಕಾಳಗದಲ್ಲಿ ಟಿಪ್ಪುವಿನ ಭಾವಮೈದುನ ಬುರ್ಹಾನುದ್ದೀನ್ ಸತ್ತ. ಅಷ್ಟಾದರೂ ನಿಲ್ಲದೆ ಈರೋಡು, ಧಾರಾಪುರಗಳನ್ನು ಹಿಡಿದುಕೊಂಡ. ಅವನ ವೇಗಕ್ಕೆ ಎದುರಾಳಿಗಳೇ ತಲೆದೂಗಿದರು.

ಮರುವರ್ಷ ಕೊಯಮತ್ತೂರಿನ ಕೋಟೆಯಲ್ಲಿ ನಡೆದದ್ದು ಬೇರೆ ಕತೆ. ಇಂಗ್ಲಿಷರ ಲೆಫ್ಟಿನೆಂಟ್ ಚಾಮರ್ಸ್ ಎಂಬ ಚಿಕ್ಕ ಅಧಿಕಾರಿ, ಒಡಕು ಗೋಡೆಯ ಆ ಕೋಟೆಯಲ್ಲಿ ಅಲ್ಪಸ್ವಲ್ಪ ಜನರನ್ನಿಟ್ಟುಕೊಂಡು ತಿಂಗಳುಗಟ್ಟಲೆ ತಡೆದು ನಿಂತ. ಆಗಸ್ಟ್ 11ರ ಲಗ್ಗೆಯನ್ನು ಹಿಮ್ಮೆಟ್ಟಿಸಿದ. ಎರಡನೆಯ ಮುತ್ತಿಗೆಯಲ್ಲಿ, ನವೆಂಬರ್ 3ರಂದು, ಷರತ್ತಿನ ಮೇಲೆ ಟಿಪ್ಪುವಿನ ಸೇನಾಪತಿ ಕಮರುದ್ದೀನ್ ಖಾನನಿಗೆ ಶರಣಾದ. ಪಾಲಕ್ಕಾಡಿಗೆ ಕಳಿಸಿಕೊಡುವುದೆಂದು ಮಾತಾಗಿತ್ತು. ಸುಲ್ತಾನ ಆ ಮಾತನ್ನು ಮಾನ್ಯ ಮಾಡಲಿಲ್ಲ, ಅವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಮೂರು ತಿಂಗಳ ಮೇಲೆ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ರಾಜಧಾನಿಯ ಬಾಗಿಲಿಗೇ ಬಂದು ಕುಳಿತಾಗ, ಸಂಧಾನದ ಪತ್ರ ಒಯ್ಯಲು ಬೇಕಾದದ್ದು ಅದೇ ಚಾಮರ್ಸ್. ತನ್ನ ಸೇನಾಪತಿ ಕೊಟ್ಟ ಮಾತನ್ನು ಮುರಿದ ಅರಸ, ಆ ಮಾತು ನಂಬಿ ಕೆಟ್ಟವನ ಕೈಯಲ್ಲೇ ತನ್ನ ಮಾತನ್ನು ನಂಬಿರೆಂದು ಹೇಳಿಕಳಿಸಬೇಕಾಯಿತು. ಯುದ್ಧಭೂಮಿಯಲ್ಲಿ ಕುದುರೆ ಮುಂದೆ ನೂಕುವ ಎದೆಗಾರಿಕೆಗೂ, ಗೆದ್ದ ಮೇಲೆ ಸೋತವನಿಗೆ ಕೊಟ್ಟ ಮಾತು ನಡೆಸುವ ಎದೆಗಾರಿಕೆಗೂ ವ್ಯತ್ಯಾಸವಿದೆ. ಎರಡನೆಯದು ಅವನಲ್ಲಿ ಕಡಿಮೆಯಿತ್ತು.

ಈ ಹೋಗಿಬರುವ ದಂಡುಗಳ ಕಾಲಡಿ ಇದ್ದ ಊರುಗಳ ಲೆಕ್ಕವನ್ನೂ ಒಬ್ಬ ಬರೆದಿಟ್ಟಿದ್ದಾನೆ. 1800ರಲ್ಲಿ ಈ ಕಡೆ ಸುತ್ತಿದ ಫ್ರಾನ್ಸಿಸ್ ಬುಕಾನನ್‌ಗೆ ಈರೋಡಿನವರು ಹೇಳಿದ್ದು: ಹೈದರನ ಕಾಲದಲ್ಲಿ ಪೇಟೆಯಲ್ಲಿ ಸುಮಾರು 3000 ಮನೆಗಳಿದ್ದವು, ಟಿಪ್ಪುವಿನ ಕಾಲಕ್ಕೆ ಬಹಳ ಇಳಿದವು, ಕಂಪನಿಯ ಜನರಲ್ ಮೆಡೋಸ್ ದಂಡೆತ್ತಿ ಬಂದಾಗ ಪೂರ್ತಿ ನಾಶವಾದವು. ಇದರಲ್ಲಿ ಒಬ್ಬರನ್ನೇ ದೂರುವಂತಿಲ್ಲ. ಕೊನೆಯ ಪೆಟ್ಟು ಕಂಪನಿಯದೇ. ಆದರೂ 37 ಕನಸುಗಳಲ್ಲಿ ಬಿಳಿ ಆನೆ ಬರುತ್ತದೆ, ಸಿಕಂದರ ಬರುತ್ತಾನೆ, ಈರೋಡಿನ ಒಂದು ಮನೆಯೂ ಬರುವುದಿಲ್ಲ. ಅಷ್ಟಾದರೂ ಇದೇ ಕೊಂಗುನಾಡಿನ ಧೀರನ್ ಚಿನ್ನಮಲೈ ಟಿಪ್ಪುವಿನ ಪಕ್ಷ ನಿಂತು ಹೋರಾಡಿದ. ಮೈಸೂರಿನ ಕಂದಾಯದ ಹಣವನ್ನೇ ದಾರಿಯಲ್ಲಿ ತಡೆದು ಬಡವರಿಗೆ ಹಂಚಿದನೆಂದು ಜನ ಕತೆ ಹೇಳುವುದು ಇವನನ್ನೇ ಕುರಿತು. ಸುಲ್ತಾನ ಸತ್ತ ಮೇಲೂ ಕಂಪನಿಗೆ ತಲೆಬಾಗಲಿಲ್ಲ. 1805ರ ಜುಲೈ 31ರಂದು ಸಂಕಗಿರಿ ಕೋಟೆಯಲ್ಲಿ ಅವನನ್ನು ನೇಣಿಗೆ ಹಾಕಿದರು.

ಇನ್ನು ನಂಬಿಕೆ. ಇಲ್ಲಿ ಆ ಪುಸ್ತಕ ಓದುಗನನ್ನು ಸುಮ್ಮನೆ ಬಿಡುವುದಿಲ್ಲ. ಸಲಾಮಾಬಾದಿನ ಕನಸಿನಲ್ಲಿ ಅನ್ಯಧರ್ಮದವರು ಹತರಾಗುತ್ತಾರೆಂದು ಬರೆದ ಅದೇ ಕೈ ಇನ್ನೊಂದು ಬೆಳಗ್ಗೆ ಹೀಗೆ ಬರೆಯಿತು: ಒಂದು ದೊಡ್ಡ ಗುಡಿ, ಹಿಂಭಾಗ ಸ್ವಲ್ಪ ಕುಸಿದಿದೆ. ಒಳಗೆ ಹಲವು ವಿಗ್ರಹಗಳು, ಮನುಷ್ಯರಂತೆ ಅವುಗಳ ಕಣ್ಣು ಚಲಿಸುತ್ತಿವೆ. ಕೊನೆಯ ಸಾಲಿನಲ್ಲಿ ಇಬ್ಬರು ಹೆಂಗಸರು. ನೀವು ಯಾರೆಂದು ಕೇಳಿದರೆ, ತಾವು ಹೆಂಗಸರು, ಉಳಿದವು ಗಂಡಸರ ಮೂರ್ತಿಗಳು, ತಾವು ಬಹುಕಾಲದಿಂದ ದೇವರನ್ನು ಧ್ಯಾನಿಸುತ್ತಿದ್ದೇವೆ ಎನ್ನುತ್ತಾರೆ. ಒಳ್ಳೆಯದು, ಹಾಗೇ ಧ್ಯಾನದಲ್ಲಿರಿ ಎಂದು ಹೇಳಿ, ಕುಸಿದ ಗುಡಿಯನ್ನು ದುರಸ್ತಿ ಮಾಡಿಸಲು ತನ್ನ ಜನಕ್ಕೆ ಅಪ್ಪಣೆ ಕೊಡುತ್ತಾನೆ ಸುಲ್ತಾನ. ಅಷ್ಟರಲ್ಲಿ ಎಚ್ಚರ.

ಎಚ್ಚರದ ಬದುಕಿನಲ್ಲೂ ಇಂಥದೊಂದು ನಡೆಯಿತು. 1791ರಲ್ಲಿ, ಕೊಯಮತ್ತೂರಿನ ಕೋಟೆಗೆ ಅವನ ದಂಡು ಮುತ್ತಿಗೆ ಹಾಕಿದ್ದ ಆ ವರ್ಷವೇ, ಮರಾಠರ ಪರಶುರಾಮ ಭಾವುವಿನ ದಂಡಿನ ಲೂಟಿಕೋರರು ಶೃಂಗೇರಿ ಮಠವನ್ನು ದೋಚಿ ಶಾರದೆಯ ವಿಗ್ರಹವನ್ನು ಕದಲಿಸಿದರು. ಟಿಪ್ಪು ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆಸಿ, ದೇವಿಯ ಪುನಃಪ್ರತಿಷ್ಠೆಗೆ ಹಣ ಕಳಿಸಿ, ಸಹಸ್ರಚಂಡಿ ಜಪ ಮಾಡಿಸಲು ಕೇಳಿಕೊಂಡ. ಮಠದಲ್ಲಿದ್ದ ಆ ಪತ್ರಗಳನ್ನು 1916ರಲ್ಲಿ ಹೊರತಂದವರು ಆರ್. ನರಸಿಂಹಾಚಾರ್ಯರು. ಕೊಡಗಿನವರ, ಮಲಬಾರಿನವರ ನೆನಪಿನಲ್ಲಿ ಸೆರೆ, ಸುನ್ನತಿ, ಸುಟ್ಟ ಊರುಗಳಿವೆ. ಅದೂ ದಾಖಲೆಯಲ್ಲಿದೆ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವ ವಾದಕ್ಕೆ ನಾನು ಬರುವುದಿಲ್ಲ. ನನಗೆ ಕಾಣುವುದು ಇಷ್ಟು: ಅವನ ನಂಬಿಕೆ ಗಟ್ಟಿಯಾದದ್ದು, ಮಠದ ಜಪವನ್ನೂ ಅದು ತನ್ನ ಗೆಲುವಿಗೆ ಬೇಡಿತು, ಮಸೀದಿಯ ಪ್ರಾರ್ಥನೆಯನ್ನೂ ತನ್ನ ಗೆಲುವಿಗೆ ಬೇಡಿತು. ದೇವರಲ್ಲಿ ಅವನು ಪ್ರಶ್ನೆ ಕೇಳಿದ್ದು ಆ ಪುಸ್ತಕದಲ್ಲಿ ನನಗೆ ಕಂಡಿಲ್ಲ.

ಕೊಯಮತ್ತೂರಿನ ರಾಜಬೀದಿಯಲ್ಲಿ ಚೌಡೇಶ್ವರಿಯ ಗುಡಿಯಿದೆ. ವಿಜಯದಶಮಿಯ ದಿನ ದೇವಾಂಗರ ಗಂಡಸರು ಎದೆಗೆ, ತೋಳಿಗೆ ಕತ್ತಿ ಹಾಕಿಕೊಳ್ಳುತ್ತಾ ಅಮ್ಮನನ್ನು ಕರೆಯುತ್ತಾರೆ. ಗಾಯಕ್ಕೆ ಅರಿಸಿನ ಮೆತ್ತಿ ಮುಂದೆ ನಡೆಯುತ್ತಾರೆ. ಸಣ್ಣ ಹುಡುಗರೂ ಅದರಲ್ಲಿ ಸೇರುವುದು ನನಗೆ ಒಪ್ಪಿಗೆಯಿಲ್ಲ. ಆದರೂ ನೇಯ್ಗೆಯವರ ಈ ಬಿಸಿರಕ್ತದ ಭಕ್ತಿಯನ್ನು ನೋಡುವಾಗ ಸುಲ್ತಾನನ ಭಕ್ತಿ ನೆನಪಾಗದಿರುವುದಿಲ್ಲ. ಇಲ್ಲಿ ಕತ್ತಿ ಹಿಡಿದವನ ಕಡೆಗೇ ತಿರುಗಿದೆ, ಅಮ್ಮ ಬರುತ್ತಾಳೋ ಇಲ್ಲವೋ ಎಂಬ ಅಳುಕು ಕೂಗಿನಲ್ಲೇ ಇದೆ.

ಪೋತ್ತನೂರಿನ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಬರುವುದು ಬೇರೊಂದು ಕಾರಣಕ್ಕೆ. ಮಾಪಿಳ್ಳೆ ದಂಗೆಯ ಕಾಲದಲ್ಲಿ, 1921ರ ನವೆಂಬರಿನಲ್ಲಿ, ತಿರೂರಿನಿಂದ ಸುಮಾರು ನೂರು ಸೆರೆಯಾಳುಗಳನ್ನು ಗಾಳಿಯಾಡದ ಸಾಮಾನಿನ ವ್ಯಾಗನ್ನಿನಲ್ಲಿ ತುಂಬಿ ಬಳ್ಳಾರಿ ಜೈಲಿಗೆ ಹೊರಡಿಸಿದರು. ಒಳಗಿನ ಕೂಗು ಕಾವಲಿನವರಿಗೆ ಕೇಳಿಸಿತ್ತು. ದಾರಿಯಲ್ಲಿ ರೈಲು ನಿಂತಾಗಲೂ ಬಾಗಿಲು ತೆಗೆಯಲಿಲ್ಲ. ತೆಗೆದದ್ದು ಪೋತ್ತನೂರಿನಲ್ಲಿ. ಒಟ್ಟು ಸತ್ತವರು ಅರವತ್ತಕ್ಕೂ ಹೆಚ್ಚು. ಅದು ಟಿಪ್ಪುವನ್ನು ಅನಾಗರಿಕನೆಂದು ಕರೆದ ಸರಕಾರದ ಕೆಲಸ. ಅವರಲ್ಲಿ ಯಾರೂ ಕನಸು ಬರೆಯುವವರಿರಲಿಲ್ಲ, ಎಲ್ಲ ಹುಕುಂ ಪ್ರಕಾರ ನಡೆದದ್ದೇ. ಅಧಿಕಾರಕ್ಕೆ ಕಿವುಡು ಹತ್ತಲು ಸುಲ್ತಾನನೇ ಆಗಬೇಕೆಂದಿಲ್ಲ, ಸಾರ್ಜೆಂಟ್ ಆದರೂ ಸಾಕು.

ಕೊನೆಯ ದಿನ, 1799ರ ಮೇ 4ರ ಬೆಳಗ್ಗೆ, ದಿನ ಚೆನ್ನಾಗಿಲ್ಲವೆಂದು ಜೋಯಿಸರು ಹೇಳಿದರು. ಒಮ್ಮೆಯಾದರೂ ಯಾರೋ ಅವನಿಗೆ ಬೇಡವೆಂದು ಹೇಳಿದ ಬೆಳಗದು. ಅವನು ಅದನ್ನು ಕೇಳಿಸಿಕೊಂಡ, ಬ್ರಾಹ್ಮಣರಿಗೆ ದಾನ ಕೊಟ್ಟ, ಎಣ್ಣೆಯಲ್ಲಿ ಮುಖ ನೋಡಿಕೊಂಡ ಎಂದು ಹೇಳುತ್ತಾರೆ. ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ನೆಚ್ಚಿನ ಸೇನಾನಿ ಸೈಯದ್ ಗಫಾರ್ ಸತ್ತ ಸುದ್ದಿ ಬಂತು. ಕೈ ತೊಳೆದು ಎದ್ದವನು ಗೋಡೆಯ ಒಡಕಿನ ಕಡೆಗೇ ನಡೆದ. ಬೇರೆ ಅರಸರು ಇಂಥ ಹೊತ್ತಿನಲ್ಲಿ ಹಿಂಬಾಗಿಲು ಹುಡುಕಿದ್ದಾರೆ. ಅವನ ಹೆಣ ಸಿಕ್ಕಿದ್ದು ಕೋಟೆಯ ಬಾಗಿಲಲ್ಲಿ, ಸಾಮಾನ್ಯ ಸಿಪಾಯಿಗಳ ರಾಶಿಯ ನಡುವೆ.

ನನ್ನ ತೀರ್ಮಾನ ಹೇಳುವುದಾದರೆ, ಸಾಯುವ ಧೈರ್ಯದಲ್ಲಿ ಮಗ ದೊಡ್ಡವನು, ಆಳುವ ಬುದ್ಧಿಯಲ್ಲಿ ಅಪ್ಪ. ತಪ್ಪಾಯಿತೆಂದು ಪೂರ್ಣಯ್ಯನ ಮುಂದೆ ಹೇಳಿದ ಆ ಒಂದು ಮಾತನ್ನು ಹೈದರನ ಎಲ್ಲ ಗೆಲುವುಗಳಿಗಿಂತ ಮೇಲೆ ಇಡುತ್ತೇನೆ. ಹೀಗೆ ಹೇಳಿದ್ದಕ್ಕೆ ಟಿಪ್ಪುವಿನ ಅಭಿಮಾನಿಗಳೂ ವಿರೋಧಿಗಳೂ ನನ್ನನ್ನು ಬೈಯಬಹುದು. ಬೈಯುವ ಮೊದಲು ಇಬ್ಬರಲ್ಲೂ ಒಂದು ಕೋರಿಕೆ. ಮೂಲ ಪುಸ್ತಕ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, ಅದರ ಅನುವಾದ ಸಿಗುತ್ತದೆ, ಒಂದು ಬೆಳಗಿನಲ್ಲಿ ಓದಿ ಮುಗಿಸುವಷ್ಟೇ ಇದೆ. ಹಸುವಿನ ಕನಸನ್ನು ಓದಿದವರು ಗುಡಿಯ ಕನಸನ್ನೂ ಓದಿ, ಗುಡಿಯ ಕನಸನ್ನು ಮೆಚ್ಚಿದವರು ಹಸುವಿನದನ್ನೂ ಬಿಡಬೇಡಿ.